ಬರ್ತೀನಿ ಅನ್ನೋರೆಷ್ಟು, ಪಕ್ಕ ನಿಲ್ಲೋರೆಷ್ಟು: ತುಮಕೂರಲ್ಲಿ ಎಫ್‌ಪಿವಿ ಡ್ರೋನ್ ಚಾಲೆಂಜ್ ಮಾಡ್ಬೋದಾ?

ಹೋದ ಭಾನುವಾರ ತುಮಕೂರಿನ ಒಂದು ಸೆಮಿನಾರ್ ಹಾಲಲ್ಲಿ ಮಾತಾಡಿದ್ದನ್ನ ಹೆಚ್ಚುಕಮ್ಮಿ ಹಾಗೇ ಟೈಪ್ ಮಾಡಿದೀನಿ. ಮೈಕ್ ಎರಡು ಸಲ ಕೈಕೊಡ್ತು, ಆ ಗ್ಯಾಪಲ್ಲಿ ಹೇಳಿದ್ದನ್ನ ನೆನಪಿಂದ ಬರ್ದಿದೀನಿ, ಅಲ್ಲಿ ನಾನು ಸ್ವಲ್ಪ ಜಾಣನ ಥರ ಮಾತಾಡಿರೋ ಹಾಗೆ ಕಂಡ್ರೆ ಅದು ಟೈಪ್ ಮಾಡೋವಾಗ ಬಂದ ಬುದ್ಧಿ.

ನಮಸ್ಕಾರ ಎಲ್ರಿಗೂ. ಇವ್ರು ನನ್ನ ಡ್ರೋನ್ ಎಕ್ಸ್‌ಪರ್ಟ್ ಅಂತ ಪರಿಚಯ ಮಾಡ್ಕೊಟ್ರು, ಹಾಗೇನಿಲ್ಲ ಸಾರ್, ಹಗಲೊತ್ತು ನಾನು ಬೋರ್‌ವೆಲ್ ಸ್ಟಾರ್ಟರು ಇನ್ವರ್ಟರು ರಿಪೇರಿ ಮಾಡೋನು, ಸಂಜೆ ಆದ್ರೆ ಕಣ್ಣಿಗೆ ಗಾಗಲ್ಸ್ ಕಟ್ಕೊಂಡು ಮನೆಯೋರ ಹತ್ರ ಬೈಸ್ಕೊಳ್ಳೋನು. ಇವತ್ತು ಡ್ರೋನ್ ಹಾರ್ಸೋದು ಹೇಗೆ ಅಂತ ಹೇಳಕ್ಕೆ ಬಂದಿಲ್ಲ. ನಮ್ಮೂರ ಸುತ್ತಮುತ್ತ ಒಂದು ಎಫ್‌ಪಿವಿ ಚಾಲೆಂಜ್ ಮಾಡಿದ್ರೆ ನಿಜವಾಗ್ಲೂ ಯಾರಾದ್ರೂ ಬರ್ತಾರಾ, ಅದನ್ನ ಮುಂಚೆನೇ ಕಂಡ್ಹಿಡಿಯೋದು ಹೇಗೆ ಅನ್ನೋದಷ್ಟೇ ನನ್ನ ತಲೆನೋವು, ಅದನ್ನ ನಿಮಗೂ ಅಂಟಿಸೋಣ ಅಂತ ಬಂದೆ.

ಗೊತ್ತಿಲ್ದೋರಿಗೆ ಎರಡು ಮಾತು. ಮದ್ವೆ ಮನೇಲಿ ಹಾರ್ಸೋ ಡ್ರೋನ್ ನೋಡಿದೀರಲ್ಲ, ಅದು ಜಿಪಿಎಸ್ ಹಿಡ್ಕೊಂಡು ನಿಂತಲ್ಲೇ ನಿಲ್ಲುತ್ತೆ, ಕೈ ಬಿಟ್ರೂ ಅಲ್ಲೇ ತೇಲ್ತಾ ಇರುತ್ತೆ, ಪಾಪದ ಹಸು. ನಮ್ದು ಎಫ್‌ಪಿವಿ, ಅಂದ್ರೆ ಫಸ್ಟ್ ಪರ್ಸನ್ ವ್ಯೂ, ಡ್ರೋನ್ ಕಣ್ಣಲ್ಲೇ ನೋಡ್ಕೊಂಡು ಹಾರ್ಸೋದು, ಅದು ಹೋರಿ. ಮೂತಿಗೊಂದು ಚಿಕ್ಕ ಕ್ಯಾಮೆರಾ, ಅದರ ಚಿತ್ರ ರೇಡಿಯೋದಲ್ಲಿ ನೇರ ಗಾಗಲ್ಸ್‌ಗೆ ಬರುತ್ತೆ, ನೀವು ನೆಲದ ಮೇಲೆ ಪ್ಲಾಸ್ಟಿಕ್ ಚೇರ್ ಹಾಕ್ಕೊಂಡು ಕೂತಿದ್ರೂ ತಲೆ ಮಾತ್ರ ಡ್ರೋನ್ ಒಳಗೇ ಇರುತ್ತೆ. ಆಕ್ರೋ ಮೋಡ್ ಅಂತೀವಿ, ಸ್ಟಿಕ್ ಬಲಕ್ಕೆ ಒತ್ತಿ ಬಿಟ್ರೆ ಅದು ತಾನೇ ನೆಟ್ಟಗಾಗಲ್ಲ, ಬಾಗಿದ್ದು ಬಾಗಿದ ಹಾಗೇ ಹೋಗ್ತಾ ಇರುತ್ತೆ, ನೀವೇ ಎಡಕ್ಕೆ ಒತ್ತಿ ಸರಿ ಮಾಡ್ಬೇಕು. ಮೊದಲನೇ ದಿನ ಎಲ್ರೂ ಬೀಳಿಸ್ತಾರೆ. ಎರಡನೇ ದಿನಾನೂ ಬೀಳಿಸ್ತಾರೆ.

ಸರಿ, ಹೋದ್ವರ್ಷ ಜನವರಿಲಿ ನಮ್ಮ ಹುಡುಗ್ರ ವಾಟ್ಸಾಪ್ ಗ್ರೂಪಲ್ಲಿ ಕೇಳ್ದೆ, ಎಫ್‌ಪಿವಿ ರೇಸ್ ಮಾಡೋಣ್ವಾ, ಯಾರ್ಯಾರು ಬರ್ತೀರ ಅಂತ. ಸಂಜೆ ಹೊತ್ತಿಗೆ 34 ಜನ ಬರ್ತೀನಿ ಅಂದ್ರು, ಬೆಂಕಿ ಸಿಂಬಲ್ಲು, ರಾಕೆಟ್ ಸಿಂಬಲ್ಲು, ಒಬ್ರು ಟ್ರೋಫಿ ನಂದೇ ಅಂತ ಬರ್ದ್ರು. ನಂಗೆ ಖುಷಿ ತಡ್ಕೊಳ್ಳಕ್ಕಾಗ್ಲಿಲ್ಲ, ಆವತ್ತು ರಾತ್ರಿನೇ ಕೂತು ಡ್ರೋನ್ ನುಗ್ಗಿ ಹೋಗೋ ಚೌಕಟ್ಟು, ಗೇಟ್ ಅಂತೀವಿ, ಅದನ್ನ ಡಿಸೈನ್ ಮಾಡ್ದೆ, ಡ್ರಿಪ್ ಹಾಕೋರ ಹತ್ರ ಉಳಿದಿದ್ದ ಪಿವಿಸಿ ಪೈಪ್ ತಂದು ಐದಡಿ ಅಗಲ ಐದಡಿ ಎತ್ತರದ ಆರು ಗೇಟ್ ಮಾಡ್ದೆ, ಹಳೇ ಎಲೆಕ್ಷನ್ ಫ್ಲೆಕ್ಸ್ ಕತ್ತರಿಸಿ ಸುತ್ತ ಹೊಲಿದೆ, ಒಂದು ಗೇಟಲ್ಲಿ ಯಾರೋ ಪುಢಾರಿಯ ಕೈ ಮುಗಿದಿರೋ ಕೈ ಮಾತ್ರ ಉಳ್ಕೊಂಡಿತ್ತು, ಡ್ರೋನ್‌ಗಳಿಗೆ ಸ್ವಾಗತ ಮಾಡೋ ಹಾಗೆ.

ಬಂದೋರು 7 ಜನ. ಅದ್ರಲ್ಲಿ ಹಾರೋ ಸ್ಥಿತಿಲಿದ್ದ ಎಫ್‌ಪಿವಿ ಕ್ವಾಡ್, ಅಂದ್ರೆ ನಾಲ್ಕು ಮೋಟರಿನ ಡ್ರೋನ್, ಮೂರು. ಒಬ್ರು ಮದ್ವೆ ಡ್ರೋನ್ ತಂದಿದ್ರು, ಇದೂ ಓಡುತ್ತೆ ಬಿಡಿ ಅಂದ್ರು. ಇನ್ನಿಬ್ರು ಬರೀ ರೀಲ್ಸ್ ಮಾಡಕ್ಕೆ ಬಂದಿದ್ರು. ಏಳನೆಯೋರು ನಾನೇ.

ಜಾಗ ಒಂದು ಕೆರೆ ಅಂಗಳ. ಬೇಸಿಗೆಗೆ ಮುಂಚೆನೇ ಒಣಗಿತ್ತು, ಕಣ್ಣು ಹಾಯಿಸಿದಷ್ಟು ದೂರ ಸಪಾಟು, ನೋಡಿದ್ರೆ ದೇವ್ರೇ ಎಫ್‌ಪಿವಿಗೆ ಅಂತ ಮಾಡಿಟ್ಟ ಹಾಗೆ. ಆದ್ರೆ ಅಂಚಿಗೆಲ್ಲ ಬಳ್ಳಾರಿ ಜಾಲಿ. ಆ ಪೊದೆ ಒಳಗೆ ಡ್ರೋನ್ ಬಿತ್ತು ಅಂದ್ರೆ ಮುಗೀತು, ಬೀಪರ್ ಕೂಗ್ತಾ ಇರುತ್ತೆ, ಎರಡು ಮಾರು ದೂರದಲ್ಲೇ ಇರುತ್ತೆ, ಕೈ ಹಾಕಕ್ಕಾಗಲ್ಲ. ನನ್ನ ಮುಂಗೈ ಮೇಲೆ ಇನ್ನೂ ಗೀರಿದೆ ನೋಡಿ. ಮೇಲುಗಡೆ ಹದ್ದುಗಳು, ಅವಕ್ಕೆ ನಮ್ಮ ಡ್ರೋನ್ ಕಂಡ್ರೆ ಒಂಥರಾ ಸಿಟ್ಟು, ಎರಡು ಸಲ ಎರಗಿದ್ವು.

ಈಗ ಮುಖ್ಯವಾದ ಘಟನೆ ಹೇಳ್ತೀನಿ. ಒಬ್ಬ ಹುಡುಗ ಚೆನ್ನಾಗಿ ಹಾರ್ಸ್ತಿದ್ದ, ಮೂರನೇ ಗೇಟ್ ದಾಟಿ ತಿರುಗ್ತಿದ್ದ, ಅಷ್ಟೊತ್ತಿಗೆ ನಮ್ಮ ಹಿಂದೆ ಟಾರ್ಪಾಲ್ ಮೇಲೆ ಕೂತಿದ್ದ ಇನ್ನೊಬ್ಬ ಸುಮ್ನೆ ಚೆಕ್ ಮಾಡೋಣ ಅಂತ ತನ್ನ ಕ್ವಾಡ್‌ಗೆ ಬ್ಯಾಟರಿ ಚುಚ್ಚಿದ. ಇಬ್ರ ವಿಡಿಯೋ ಟ್ರಾನ್ಸ್‌ಮಿಟರೂ ಒಂದೇ ಚಾನೆಲ್. ಹಾರ್ಸ್ತಿದ್ದೋನ ಗಾಗಲ್ಸಲ್ಲಿ ಗೇಟ್ ಮಾಯ, ಮೊದ್ಲು ಚುಕ್ಕಿ ಚುಕ್ಕಿ ಬಂತಂತೆ, ಆಮೇಲೆ ಟಾರ್ಪಾಲು ಕಾಣ್ತಂತೆ, ಅದ್ರ ಮೇಲೆ ಚಕ್ಕಲಮಕ್ಕಲ ಹಾಕಿ ಕೂತಿರೋ ಅವನದ್ದೇ ಬೆನ್ನು ಕಾಣ್ತಂತೆ! ಅವ್ನು ಅಯ್ಯಯ್ಯೋ ನಾನ್ ಕಾಣ್ತಿದೀನಿ ನಾನ್ ಕಾಣ್ತಿದೀನಿ ಅಂತ ಕೂಗಿದ, ನಮಗ್ಯಾರಿಗೂ ಅರ್ಥ ಆಗ್ಲಿಲ್ಲ, ಅಷ್ಟ್ರಲ್ಲಿ ಕ್ವಾಡ್ ನೆಲಕ್ಕೆ. ಒಂದು ತೋಳು ಮುರೀತು, ಎರಡು ಮೋಟರ್ ಬೆಲ್ ಸೊಟ್ಟ ಆಯ್ತು. ರೇಸ್‌ಬ್ಯಾಂಡ್ ಅಂತ 5.8 ಗಿಗಾಹರ್ಟ್ಸಲ್ಲಿ ಎಂಟು ಚಾನೆಲ್ ಇವೆ, 5658ರಿಂದ 5917 ಮೆಗಾಹರ್ಟ್ಸ್‌ವರೆಗೆ, ಒಂದೊಂದಕ್ಕೂ 37 ಮೆಗಾಹರ್ಟ್ಸ್ ಅಂತರ. ಹೆಸ್ರಿಗೆ ಎಂಟು, ಆದ್ರೆ ಅಕ್ಕಪಕ್ಕದ್ದು ಒಂದಕ್ಕೊಂದು ಸೋರುತ್ತೆ, ಹಾಗಾಗಿ ನಮ್ಮಂಥೋರು ನಡುವೆ ಒಂದೊಂದು ಬಿಟ್ಟು ನಾಲ್ಕು ಜನರನ್ನ ಹಾರ್ಸೋದು ಕ್ಷೇಮ, ಪವರ್ 25 ಮಿಲಿವ್ಯಾಟ್‌ಗೆ ಇಳಿಸಿ. ಯಾರನ್ನೂ ಕೇಳ್ದೆ ಬ್ಯಾಟರಿ ಹಾಕ್ಬಾರ್ದು, ಇದೊಂದೇ ಈ ಹವ್ಯಾಸದ ಧರ್ಮ, ಉಳಿದಿದ್ದೆಲ್ಲ ಆಚಾರ.

ಆವತ್ತು ಮನೆಗೆ ಬಂದು ಲೆಕ್ಕ ಹಾಕ್ದೆ. ನಾನು ಕೇಳಿದ ಪ್ರಶ್ನೆನೇ ತಪ್ಪು. ಬರ್ತೀರಾ ಅಂದ್ರೆ ಯಾರ್ ತಾನೇ ಇಲ್ಲ ಅಂತಾರೆ, ನಮ್ಮೋರು ಮದ್ವೆ ಕರೆಯೋಲೆ ಕೊಟ್ಟಾಗ್ಲೂ ಖಂಡಿತ ಬರ್ತೀವಿ ಅಂತಾನೇ ಹೇಳೋದು, ಅದು ಮರ್ಯಾದೆ. ಆಸಕ್ತಿ ಬೇರೆ, ಮರ್ಯಾದೆ ಬೇರೆ.

ಈಗ ಕೇಳೋ ಪ್ರಶ್ನೆಗಳು ಬೇರೆ. ಹೋದ ತಿಂಗಳು ಎಷ್ಟು ಸಲ ಹಾರ್ಸಿದ್ರಿ, ಎಷ್ಟು ಪ್ರಾಪ್, ಅಂದ್ರೆ ತಿರುಗೋ ರೆಕ್ಕೆ, ಮುರಿದ್ರಿ? ಪ್ರಾಪ್ ಮುರಿದಿಲ್ಲ ಅಂದ್ರೆ ಹಾರ್ಸಿಲ್ಲ ಅಂತಲೇ ಅರ್ಥ. ನಿಮ್ಮ ಹತ್ರ ಇವತ್ತು ಊದ್ಕೊಳ್ದೆ ಇರೋ ಬ್ಯಾಟರಿ ಎಷ್ಟಿವೆ? ಇದನ್ನ ಕೇಳಿದ ತಕ್ಷಣ ಅರ್ಧ ಜನ ಸುಮ್ನಾಗ್ತಾರೆ, ಯಾಕಂದ್ರೆ ನಾವು ಬಳಸೋ ಲೈಪೋ, ಅಂದ್ರೆ ಲಿಥಿಯಂ ಪಾಲಿಮರ್ ಬ್ಯಾಟರಿನ ಪೂರ್ತಿ ಚಾರ್ಜ್ ಮಾಡಿ ಬೀರುಲಿಟ್ಟು ಮರೆತ್ರೆ ಹಾಳಾಗುತ್ತೆ, ಸೆಲ್‌ಗೆ 3.8 ವೋಲ್ಟಲ್ಲಿ ಇಡ್ಬೇಕು, ನಿಜವಾಗ್ಲೂ ಹಾರ್ಸೋನಿಗೆ ಮಾತ್ರ ಅದು ಅಭ್ಯಾಸ ಆಗಿರುತ್ತೆ. ನಿಮ್ಮ ರೇಡಿಯೋ, ಅಂದ್ರೆ ಕೈಲಿ ಹಿಡಿಯೋ ರಿಮೋಟು, ಯಾವ ಬಗೆದು, ಎಕ್ಸ್‌ಪ್ರೆಸ್ ಎಲ್‌ಆರ್‌ಎಸ್ಸಾ? ವಿಡಿಯೋ ಅನಲಾಗಾ ಡಿಜಿಟಲ್ಲಾ? ಇದು ಯಾಕೆ ಅಂದ್ರೆ ಎಲ್ರನ್ನೂ ಒಟ್ಟಿಗೆ ಹಾರ್ಸೋವಾಗ ಡಿಜಿಟಲ್‌ನೋರನ್ನ ಅನಲಾಗ್‌ನೋರ ಜೊತೆ ಚಾನೆಲ್ ಹೊಂದ್ಸೋದು ಜಾತಕ ಹೊಂದಿಸಿದ ಹಾಗೆ. ಮತ್ತೆ ಕೊನೇ ಪ್ರಶ್ನೆ, ಇದೇ ಅಸಲಿ ಪ್ರಶ್ನೆ: ಬೇರೆಯೋರು ಹಾರ್ಸೋವಾಗ ನೀವು ಪಕ್ಕದಲ್ಲಿ ಬರೀ ಕಣ್ಣಲ್ಲಿ ಆಕಾಶ ನೋಡ್ತಾ ನಿಲ್ತೀರಾ?

ಸ್ಪಾಟರ್ ಅಂತೀವಿ ಇದಕ್ಕೆ. ಗಾಗಲ್ಸ್ ಹಾಕ್ಕೊಂಡೋನಿಗೆ ಮುಂದಿರೋದು ಬಿಟ್ರೆ ಏನೂ ಕಾಣಲ್ಲ, ಹಿಂದಿನಿಂದ ಕುರಿ ಮಂದೆ ಬಂದ್ರೂ ಗೊತ್ತಾಗಲ್ಲ, ಮೇಲಿಂದ ಹದ್ದು ಬಂದ್ರೂ ಗೊತ್ತಾಗಲ್ಲ. ಕಾನೂನೂ ಅದನ್ನೇ ಹೇಳೋದು, 2021ರ ಆಗಸ್ಟ್ 25ಕ್ಕೆ ಬಂದ ಡ್ರೋನ್ ನಿಯಮಗಳಲ್ಲಿ ಹವ್ಯಾಸಕ್ಕೆ, ಓದಿಗೆ, ಸಂಶೋಧನೆಗೆ ಹಾರ್ಸೋ ಮಾಡೆಲ್ ಡ್ರೋನ್ ಅಂದ್ರೆ ಕಣ್ಣಳತೆಯೊಳಗೇ ಇರ್ಬೇಕು ಅಂತಿದೆ. ನಿಮ್ಮ ಕಣ್ಣು ಗಾಗಲ್ಸ್ ಒಳಗೆ ಸೇರ್ಕೊಂಡಿದ್ರೆ ಪಕ್ಕ ಇನ್ನೊಬ್ಬರ ಕಣ್ಣು ಬೇಕಲ್ವಾ. ಅದೇ ನಿಯಮದಲ್ಲಿ 250 ಗ್ರಾಂ ಒಳಗಿದ್ರೆ ನ್ಯಾನೋ, ಅಲ್ಲಿಂದ 2 ಕೆಜಿವರೆಗೆ ಮೈಕ್ರೋ, ನಮ್ಮ ಐದಿಂಚು ಪ್ರಾಪಿನ ರೇಸ್ ಕ್ವಾಡ್ ಬ್ಯಾಟರಿ ಸಮೇತ ಮುಕ್ಕಾಲು ಕೆಜಿ ಹತ್ರ ತೂಗುತ್ತೆ, ಹಾಗಾಗಿ ಮೈಕ್ರೋ. ದುಡ್ಡಿಗಲ್ದೆ ಹಾರ್ಸಿದ್ರೆ ಮೈಕ್ರೋಗೂ ಪೈಲಟ್ ಸರ್ಟಿಫಿಕೇಟ್ ಬೇಡ, ಆದ್ರೆ ನೋಂದಣಿ ಮಾಡಿಸ್ಬೇಕು, ಸರ್ಕಾರದ ಡಿಜಿಟಲ್ ಸ್ಕೈ ವೆಬ್‌ಸೈಟಿನ ಮ್ಯಾಪಲ್ಲಿ ಜಾಗ ಹಸಿರಾ ಹಳದಿನಾ ಕೆಂಪಾ ನೋಡ್ಲೇಬೇಕು. ಗುಬ್ಬಿ ಕಡೆ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಇದೆ, ಅದನ್ನ ಮರೀಬೇಡಿ. ಬೆಂಗಳೂರಿನೋರ ಗೋಳು ಇನ್ನೂ ದೊಡ್ಡದು, ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ, ಯಾವ ಕಡೆ ತಿರುಗಿದ್ರೂ ಒಂದು ರನ್‌ವೇ, ಅದಕ್ಕೇ ಅಲ್ಲಿನ ಹುಡುಗ್ರು ಭಾನುವಾರ ನಮ್ಮ ಕಡೆ ಬರೋದು.

ಪಕ್ಕ ನಿಲ್ಲೋರ ಲೆಕ್ಕ ಯಾಕೆ ಮುಖ್ಯ ಅಂದ್ರೆ, ನೋಡಿ, ನಾಲ್ಕು ಜನ ಹಾರ್ಸ್ತಿದಾರೆ ಅಂದ್ರೆ ನಾಲ್ಕು ಜನ ಸ್ಪಾಟರ್ ಬೇಕು. ಎಂಟಾಯ್ತು. ಲ್ಯಾಪ್ ಎಣಿಸೋರು, ಬಿದ್ದ ಗೇಟ್ ಎತ್ತಿ ನಿಲ್ಲಿಸೋರು, ಬ್ಯಾಟರಿ ಚುಚ್ಚೋರನ್ನ ಕಾಯೋ ಪೊಲೀಸ್ ಒಬ್ರು. ಅಷ್ಟೊತ್ತಿಗೆ ಮುಂದಿನ ನಾಲ್ಕು ಜನ ರೆಡಿ ಆಗ್ತಿರ್ಬೇಕು. ಅಂದ್ರೆ 12 ಜನ ಇದ್ರೆ ಗಾಡಿ ಉರುಳುತ್ತೆ: ನಾಲ್ವರು ಮೇಲೆ, ನಾಲ್ವರು ಅವ್ರ ಪಕ್ಕ, ನಾಲ್ವರು ರೆಡಿ ಆಗ್ತಾ ಉಳಿದ ಕೆಲಸ ನೋಡ್ಕೊತಾರೆ, ಆಮೇಲೆ ಎಲ್ರೂ ಒಂದೊಂದು ಜಾಗ ಮುಂದಕ್ಕೆ, ಥೇಟ್ ಗಾಣದ ಎತ್ತು ತಿರುಗಿದ ಹಾಗೆ. ಎಂಟೇ ಜನ ಆದ್ರೆ ಹಾರ್ಸೋದು ನಿಂತು ನಿಂತು ನಡೆಯುತ್ತೆ. ಒಂದು ಹೀಟ್, ಅಂದ್ರೆ ಒಂದು ಸರದಿ ರೇಸ್, ಎರಡು ನಿಮಿಷ, ಬ್ಯಾಟರಿ ಅಷ್ಟೇ ಬರೋದು, ಮಿಕ್ಕಿದ ಇಪ್ಪತ್ತು ನಿಮಿಷ ಬೇರೆಯೋರ ಕೆಲಸ ಮಾಡ್ಬೇಕು. ತನ್ನ ಹೀಟ್ ಮುಗಿದ ಮೇಲೂ ಯಾರು ಉಳೀತಾರೆ ನೋಡಿ, ಅವ್ರನ್ನ ಎಣಿಸಿ. 34 ಅಂತ ನಾನು ಎಣಿಸಿದ್ದು ಬೆರಳನ್ನ, ಜನರನ್ನಲ್ಲ.

ಬಹುಮಾನ ಇಟ್ರೆ ಬರ್ತಾರೆ ಅಂತ ಒಬ್ರು ಹೇಳಿದ್ರು. ನಿಜ, ಬರ್ತಾರೆ. 2016ರ ಮಾರ್ಚಲ್ಲಿ ದುಬೈಲಿ ವರ್ಲ್ಡ್ ಡ್ರೋನ್ ಪ್ರಿ ಅಂತ ಮಾಡಿ ಗೆದ್ದೋರಿಗೆ ಎರಡೂವರೆ ಲಕ್ಷ ಡಾಲರ್ ಕೊಟ್ರು, ಗೆದ್ದ ತಂಡದ ಪೈಲಟ್ ಇಂಗ್ಲೆಂಡಿನ ಲ್ಯೂಕ್ ಬ್ಯಾನಿಸ್ಟರ್, 15 ವರ್ಷದ ಹುಡುಗ. 2018ರಲ್ಲಿ ಚೀನಾದ ಶೆಂಜೆನಲ್ಲಿ ನಡೆದ ಎಫ್‌ಎಐ ಅನ್ನೋ ಅಂತರರಾಷ್ಟ್ರೀಯ ವಾಯುಕ್ರೀಡಾ ಸಂಸ್ಥೆಯ ಡ್ರೋನ್ ರೇಸ್ ವಿಶ್ವ ಚಾಂಪಿಯನ್‌ಶಿಪ್ ಗೆದ್ದಿದ್ದು ಆಸ್ಟ್ರೇಲಿಯಾದ ರೂಡಿ ಬ್ರೌನಿಂಗ್, ಅವ್ನೂ ಹೈಸ್ಕೂಲ್ ವಯಸ್ಸಿನೋನೇ. ಬಹುಮಾನ ಅವ್ರನ್ನ ತಯಾರು ಮಾಡ್ಲಿಲ್ಲ, ತಯಾರಾಗಿದ್ದೋರಿಗೆ ಬಹುಮಾನ ಸಿಕ್ತು. ನಮ್ಮಲ್ಲಿ ಉಲ್ಟಾ ಮಾಡಿದ್ರೆ, ಹತ್ತು ಸಾವಿರ ಬಹುಮಾನ ಅಂತ ಫ್ಲೆಕ್ಸ್ ಹಾಕಿದ್ರೆ, ದುಡ್ಡಿರೋ ಇಬ್ರು ಬಂದು ಗೆದ್ಕೊಂಡು ಹೋಗ್ತಾರೆ, ಹೊಸಬ್ರು ಮುಂದಿನ ಸಲ ಬರಲ್ಲ.

ಇನ್ನೊಂದು ನಮ್ಮ ದೇಶದ್ದೇ ವಿಷ್ಯ. 2022ರ ಫೆಬ್ರವರಿ 9ರಿಂದ ರೆಡಿ ಡ್ರೋನ್ ಹೊರದೇಶದಿಂದ ತರಿಸ್ಕೊಳ್ಳೋ ಹಾಗಿಲ್ಲ, ಬಿಚ್ಚಿ ಕಿಟ್ ಥರ ತರಿಸೋದೂ ಇಲ್ಲ, ಬಿಡಿ ಭಾಗಗಳಿಗೆ ಮಾತ್ರ ತಡೆ ಇಲ್ಲ. ಇದರಿಂದ ಏನಾಯ್ತು ಅಂದ್ರೆ ಇಲ್ಲಿ ಎಫ್‌ಪಿವಿ ಅಂದ್ರೆ ಹೆಚ್ಚುಕಮ್ಮಿ ಬೆಸುಗೆ ಹಾಕೋರ ಹವ್ಯಾಸ ಆಗೋಯ್ತು. ಫ್ರೇಮ್ ಒಂದ್ಕಡೆ, ಮೋಟರ್ ಒಂದ್ಕಡೆ, ಡ್ರೋನಿನ ಮೆದುಳಾದ ಫ್ಲೈಟ್ ಕಂಟ್ರೋಲರ್ ಒಂದ್ಕಡೆಯಿಂದ ಬರುತ್ತೆ, ಕೂತು ಜೋಡಿಸ್ಬೇಕು, ಬೀಟಾಫ್ಲೈಟ್ ಅನ್ನೋ ಸಾಫ್ಟ್‌ವೇರಲ್ಲಿ ಸೆಟ್ ಮಾಡ್ಬೇಕು, ಮೊದಲನೇ ಸಲ ಬ್ಯಾಟರಿ ಕೊಡೋವಾಗ ಕೈ ನಡುಗುತ್ತೆ, ಹೊಗೆ ಬಂದ್ರೆ ಮೂರು ಸಾವಿರ ಗೋವಿಂದ. ನನ್ನ ಮೊದಲನೇ ಸೆಟ್‌ಗೆ ಗಾಗಲ್ಸು ರೇಡಿಯೋ ಚಾರ್ಜರ್ ಎಲ್ಲಾ ಸೇರಿ ನಲವತ್ತು ಸಾವಿರದ ಹತ್ರ ಹೋಗಿತ್ತು, ಮನೇಲಿ ಹನ್ನೆರಡು ಅಂತ ಹೇಳಿದೀನಿ, ಇಲ್ಲಿ ಯಾರಾದ್ರೂ ನಮ್ಮ ಬೀದಿಯೋರಿದ್ರೆ ದಯವಿಟ್ಟು ಬಾಯಿ ಬಿಡ್ಬೇಡಿ. ಹಾಗಾಗಿ ಆಸಕ್ತಿ ಅಳೆಯೋಕೆ ನಾನು ಮಾಡೋ ಇನ್ನೊಂದು ಕೆಲಸ ಅಂದ್ರೆ ಸೋಲ್ಡರಿಂಗ್ ಭಾನುವಾರ. ಸುಮ್ನೆ ಅಂಗಡಿ ಶಟರ್ ಅರ್ಧ ಎತ್ತಿ ಐರನ್ ಬಿಸಿ ಮಾಡಿ ಕೂತಿರ್ತೀನಿ, ಮುರಿದಿರೋದು ತಗೊಂಡು ಬನ್ನಿ ಅಂತ. ಮುರಿದ ಕ್ವಾಡ್ ಬ್ಯಾಗಲ್ಲಿ ಹಾಕ್ಕೊಂಡು ಬಸ್ ಹತ್ತಿ ತಿಪಟೂರಿಂದ ಬಂದೋನು ರೇಸ್‌ಗೂ ಬಂದೇ ಬರ್ತಾನೆ. ತಿಪಟೂರಿನೋರ ಕ್ವಾಡ್‌ಗಳು ಮುರಿಯೋದು ಒಂದೇ ರೀತಿ ಬಿಡಿ, ತೆಂಗಿನ ಮರ.

ಈಗ ಆಷಾಢದ ಕತೆ. ಕೆರೆ ಅಂಗಳದಲ್ಲಿ ಪೆಟ್ಟು ತಿಂದ ಮೇಲೆ ನನ್ನ ಸ್ನೇಹಿತ ಒಬ್ನು, ಶಾಮಿಯಾನ ಪಾತ್ರೆ ಬಾಡಿಗೆ ಕೊಡೋನು, ಒಂದು ಮಾತು ಹೇಳ್ದ. ಆಷಾಢದಲ್ಲಿ ಹೊರಗೆ ಗಾಳಿ, ಹುಡುಗ್ರು ಗಾಳಿಪಟ ಹಾರ್ಸೋ ಕಾಲ, ಒಳಗೆ ಕಲ್ಯಾಣ ಮಂಟಪ ಎಲ್ಲಾ ಖಾಲಿ, ಮುಹೂರ್ತ ಇಲ್ಲ, ಬಾಡಿಗೆ ಕೇಳೋರೇ ಇಲ್ಲ, ಅಲ್ಲೇ ಹಾರ್ಸ್ರೋ ಅಂದ. ವೂಪ್ ಅಂತ ಬರುತ್ತೆ, ಅಂಗೈ ಮೇಲೆ ಕೂರೋವಷ್ಟು, 65 ಮಿಲಿಮೀಟರ್, ಬ್ಯಾಟರಿ ಸೇರಿ ಮೂವತ್ತು ಗ್ರಾಂ ಆಸುಪಾಸು, ಪ್ರಾಪ್ ಸುತ್ತ ಪ್ಲಾಸ್ಟಿಕ್ ಬಳೆ ಇರುತ್ತೆ, ತಲೆಗೆ ಬಡಿದ್ರೂ ತಲೆಗಿಂತ ವೂಪ್‌ಗೇ ಬೇಜಾರು. ಐದಿಂಚಿಗೆ ಹೋಲಿಸಿದ್ರೆ ಖರ್ಚೂ ಎಷ್ಟೋ ಕಮ್ಮಿ.

ಮಂಟಪದ ಹಾಲ್ ಸಿಕ್ತು, ಕರೆಂಟ್ ಬಿಲ್ ಕೊಟ್ರೆ ಸಾಕು ಅಂದ್ರು. ಟ್ರ್ಯಾಕ್ ಹೇಗಿತ್ತು ಅಂದ್ರೆ ಬಾಗ್ಲಲ್ಲಿ ಶುರು, ಸಾಲಾಗಿ ಪೇರಿಸಿಟ್ಟ ಪ್ಲಾಸ್ಟಿಕ್ ಚೇರ್ ಕಾಲುಗಳ ನಡುವೆ ನುಗ್ಗಿ, ಊಟದ ಹಾಲಿಗೆ ಹೋಗಿ ಉದ್ದನೇ ಟೇಬಲ್ ಕೆಳಗಿಂದ ಬಂದು, ಬಾಲ್ಕನಿ ಹತ್ತಿ ಇಳಿದು, ಕೊನೆಗೆ ವಧೂವರರು ಕೂರೋ ಮಂಟಪದ ಎರಡು ಕಂಬದ ನಡುವೆ ಹಾದ್ರೆ ಒಂದು ಲ್ಯಾಪ್. ಎರಡನೇ ಹೀಟ್ ನಡೀತಿತ್ತು, ನಾಲ್ಕೂ ವೂಪ್ ಮೇಲೆ ಇವೆ, ಬಾಗ್ಲು ಕಿಟಕಿ ಮುಚ್ಚಿದ್ದಕ್ಕೆ ಒಳಗೆ ಧಗೆ, ಹಾಲ್ ನೋಡ್ಕೊಳ್ಳೋ ಅಜ್ಜ ಪಾಪ ಹುಡುಗ್ರು ಬೆವರ್ತಿದಾರೆ ಅಂತ ಹೋಗಿ ಎಲ್ಲಾ ಫ್ಯಾನ್ ಒಟ್ಟಿಗೆ ಹಾಕ್ಬಿಟ್ರು. ಟಪ್ ಟಪ್ ಟಪ್ ಅಂತ ಮೂರು ಸದ್ದು. ಒಂದು ವೂಪ್ ದೇವ್ರ ಪಟದ ಹಿಂದೆ ಸಿಕ್ತು, ಒಂದು ಸ್ಟೇಜ್ ಪರದೆಗೆ ತಗಲ್ಹಾಕ್ಕೊಂಡಿತ್ತು, ಮೂರನೇದು ಫ್ಯಾನ್ ರೆಕ್ಕೆ ಮೇಲೇ ಕೂತು ಸುತ್ತು ಹಾಕ್ತಿತ್ತು, ಅದರ ವಿಡಿಯೋ ಪ್ರೊಜೆಕ್ಟರಲ್ಲಿ ದೊಡ್ಡದಾಗಿ ಬರ್ತಿತ್ತು, ಎಲ್ರೂ ತಲೆ ತಿರುಗಿ ಕೂತ್ಬಿಟ್ರು. ನಾಲ್ಕನೆಯೋನು ಏನೂ ಗೊತ್ತಿಲ್ದೆ ಗೆದ್ದ.

ಆವತ್ತು 19 ಜನ ಬಂದಿದ್ರು, ಸ್ವಂತ ವೂಪ್ ಇದ್ದಿದ್ದು 11 ಜನ್ರ ಹತ್ರ, ಮಿಕ್ಕಿದೋರು ಎರವಲು. ಅನಲಾಗ್ ವಿಡಿಯೋದ ಒಂದು ಸುಖ ಏನಂದ್ರೆ ಅದೇ ಚಾನೆಲ್‌ಗೆ ಹಾಕಿದ್ರೆ ಯಾರ್ ಬೇಕಾದ್ರೂ ನೋಡ್ಬೋದು, ಗಾಗಲ್ಸ್ ಇಲ್ದೋರಿಗೆ ಪರದೆ ಮೇಲೆ ಬಿಟ್ವಿ, ನೋಡಕ್ಕೆ ಬಂದೋರಲ್ಲಿ ಇಬ್ರು ಮುಂದಿನ ವಾರ ಅಂಗಡಿಗೆ ಬಂದು ಐರನ್ ಹಿಡಿದ್ರು. ನಂಗೆ ಬೇಕಾಗಿದ್ದ ಉತ್ತರ ಇಲ್ಲಿ ಸಿಕ್ತು ಅನ್ಸುತ್ತೆ, ಸಂಜೆ ಚೇರ್ ಎಲ್ಲಾ ಮೊದ್ಲಿದ್ದ ಹಾಗೆ ಜೋಡಿಸೋವಾಗ 19ರಲ್ಲಿ 14 ಜನ ಇನ್ನೂ ಅಲ್ಲೇ ಇದ್ರು.

ಅದಕ್ಕೇ ಈ ಸಲ ಹೊರಗಡೆ ಐದಿಂಚಿನದ್ದು ಮಾಡೋಣ ಅಂತ. ಸಂಕ್ರಾಂತಿ ಆದ್ಮೇಲೆ, ಗಾಳಿ ಕಮ್ಮಿ ಇರೋ ಬೆಳಗಿನ ಹೊತ್ತು. ಅದಕ್ಕೂ ಮುಂಚೆ ಮನೇಲೇ ಸಿಮ್ಯುಲೇಟರಲ್ಲಿ ಒಂದೇ ಟ್ರ್ಯಾಕ್ ಎಲ್ರೂ ಹಾರ್ಸಿ ಟೈಮ್ ಕಳಿಸ್ಬೇಕು, ವೆಲೋಸಿಡ್ರೋನ್ ಆಗ್ಲಿ ಲಿಫ್ಟ್‌ಆಫ್ ಆಗ್ಲಿ, ರೇಡಿಯೋನ ಯುಎಸ್‌ಬಿ ವೈರಲ್ಲಿ ಲ್ಯಾಪ್‌ಟಾಪ್‌ಗೆ ಚುಚ್ಚಿದ್ರೆ ಸಾಕು. ಟೈಮ್ ಎಷ್ಟು ಅನ್ನೋದು ನಂಗೆ ಮುಖ್ಯ ಅಲ್ಲ, ಎಷ್ಟು ಸಲ ಕಳಿಸಿದಾರೆ ಅಂತ ನೋಡ್ತೀನಿ. ಮತ್ತೆ 200 ರೂಪಾಯಿ ಡೆಪಾಸಿಟ್, ಬಂದ ದಿನ ಬೆಳಗ್ಗೆ ಕೈಗೇ ವಾಪಸ್.

ಆಮೇಲೆ ಪ್ರಶ್ನೆಗಳು. ಒಬ್ಬ ವಿದ್ಯಾರ್ಥಿನಿ ಕೇಳಿದ್ರು, ಸರ್ ಈಗ ಎಐ ಡ್ರೋನೇ ಮನುಷ್ಯರನ್ನ ಸೋಲ್ಸಿದೆ ಅಲ್ವಾ ಅಂತ. ಹೌದಮ್ಮ, ಜ್ಯೂರಿಕ್ ವಿಶ್ವವಿದ್ಯಾಲಯದೋರ ಸ್ವಿಫ್ಟ್ ಅನ್ನೋದು, 2023ರ ಆಗಸ್ಟಲ್ಲಿ ನೇಚರ್ ಪತ್ರಿಕೇಲಿ ಬಂತು, ಮೂರು ಜನ ಚಾಂಪಿಯನ್ ಪೈಲಟ್‌ಗಳ ಜೊತೆ 25 ರೇಸಲ್ಲಿ 15 ಗೆದ್ದಿತ್ತು. ಆದ್ರೆ ಬೆಳಕು ಬದಲಾದ್ರೆ ತಡಬಡಾಯಿಸ್ತಿತ್ತು, ಬಿದ್ದು ಪೆಟ್ಟಾದ್ರೆ ಸುಧಾರಿಸ್ಕೊಳ್ಳಕ್ಕೆ ಬರ್ತಿರ್ಲಿಲ್ಲ. ಈಗ ಇನ್ನೂ ಮುಂದೆ ಹೋಗಿದಾರೆ, 2025ರಲ್ಲಿ ಅಬುಧಾಬಿಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದೋರ ಎಐ ಡ್ರೋನ್ ಮನುಷ್ಯರನ್ನ ಸೋಲಿಸ್ತು. ಆಗ್ಲಿ ಬಿಡಿ. ಕಂಪ್ಯೂಟರ್ ಆಡುತ್ತೆ ಅಂತ ನಮ್ಮಜ್ಜಿ ಚೌಕಾಬಾರ ಬಿಟ್ಟಿಲ್ಲ.

ಪೊಲೀಸ್ನೋರು ಏನಂತಾರೆ ಅಂತ ಇನ್ನೊಬ್ರು. ಮುಂಚೆನೇ ಹೋಗಿ ಒಂದು ಲೆಟರ್ ಕೊಟ್ಟು ಬನ್ನಿ ಅಷ್ಟೇ. ನಾನು ಹೋದಾಗ ಅಲ್ಲಿದ್ದೋರು ಇದ್ರಲ್ಲಿ ಕ್ಯಾಮೆರಾ ಇದ್ಯಾ ಅಂದ್ರು, ಇದೆ ಸಾರ್ ನೀವೇ ನೋಡಿ ಅಂತ ಗಾಗಲ್ಸ್ ಕೊಟ್ಟು ಕಾಂಪೌಂಡ್ ಒಳಗೇ ವೂಪ್ ಎತ್ತಿ ತೋರಿಸ್ದೆ, ಹತ್ತು ನಿಮಿಷ ಆದ್ರೂ ಗಾಗಲ್ಸ್ ವಾಪಸ್ ಕೊಡ್ಲಿಲ್ಲ, ಇನ್ನೊಂದು ಬ್ಯಾಟರಿ ಇದ್ಯಾ ಅಂತ ಕೇಳಿದ್ರು.

ಕೊನೇಲಿ ಹಿಂದಿನ ಸಾಲಿಂದ ಒಬ್ರು ಹಿರಿಯರು ಎದ್ದು ನಿಂತ್ರು, ಬಿಳೀ ಶರ್ಟು, ಜೇಬಲ್ಲಿ ಕನ್ನಡಕದ ಡಬ್ಬಿ. ಅಲ್ಲಪ್ಪಾ, ನಂಗೆ ಹಾರ್ಸೋಕೆಲ್ಲ ಬರಲ್ಲ, ಮೊಮ್ಮಗ ಹಾರ್ಸ್ತಾನೆ, ನಾನು ಅವ್ನ ಪಕ್ಕ ನಿಂತು ಮೇಲೆ ನೋಡ್ತಿರ್ತೀನಿ, ಹದ್ದು ಬಂದ್ರೆ ಕೂಗ್ತೀನಿ, ದೂರದ್ದು ನಂಗೆ ಚೆನ್ನಾಗೇ ಕಾಣುತ್ತೆ, ನಾನೂ ಇನ್ನೂರು ರೂಪಾಯಿ ಕಟ್ಬೇಕಾ ಅಂದ್ರು.

ಬೇಡ ಯಜಮಾನ್ರೇ, ನಿಮಗೆ ನಾವೇ ತಿಂಡಿ ಕೊಡಿಸ್ತೀವಿ ಅಂದೆ.